ಕೊಟ್ಟವರ ಹೆಸರುಂಟು, ಕಟ್ಟಿದವರದು?

ಫಾಲ್ಗುಣ ಮಾಸದ ವೈರಮುಡಿ ಉತ್ಸವಕ್ಕೆಂದು ಮಂಡ್ಯದ ಖಜಾನೆಯಿಂದ ಹೊರಡುವ ತಿರುವಾಭರಣದ ಪೆಟ್ಟಿಗೆಗಳು ಶ್ರೀರಂಗಪಟ್ಟಣ, ಪಾಂಡವಪುರದ ಹಾದಿಯಲ್ಲಿ ಊರೂರಿನ ಪೂಜೆ ಪಡೆಯುತ್ತ ಮೇಲುಕೋಟೆ ಸೇರುತ್ತವೆ. ಒಡವೆಗಳನ್ನು ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸಕ್ಕೆ ಅಲ್ಲಿನವರು ಪಾರ್ಕಾವಣೆ ಎನ್ನುತ್ತಾರೆ. ಅಧಿಕಾರಿಗಳು, ಸ್ಥಾನೀಕರು, ಅರ್ಚಕರು ಕೂಡಿ ಒಂದೊಂದನ್ನೂ ಎಣಿಸಿ ಒಪ್ಪಿಸಿಕೊಳ್ಳುತ್ತಾರೆ, ಉತ್ಸವ ಮುಗಿದ ಮೇಲೆ ಮತ್ತೆ ಎಣಿಸಿ ಒಪ್ಪಿಸುತ್ತಾರೆ. ಅಲ್ಲಿನ ದೇವರು ಚೆಲುವನಾರಾಯಣನಿಗೆ ಮೂರು ಮುಡಿಗಳು, ಅಂದರೆ ಕಿರೀಟಗಳು. ವೈರಮುಡಿಯನ್ನು ವಿರೋಚನನಿಂದ ಗೆದ್ದು ತಂದವನು ಗರುಡನೆಂದು ಪುರಾಣ ಹೇಳುತ್ತದೆ. ರಾಜಮುಡಿಯನ್ನು ಕೊಟ್ಟವರು 1578ರಿಂದ 1617ರವರೆಗೆ ಆಳಿದ, ಶ್ರೀರಂಗಪಟ್ಟಣವನ್ನು ಗೆದ್ದ ರಾಜ ಒಡೆಯರು. ಕೃಷ್ಣರಾಜಮುಡಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಣಿಕೆ. ಮೂರು ಕಿರೀಟಗಳಿಗೂ ತಂದವರ ಅಥವಾ ಕೊಟ್ಟವರ ಹೆಸರು ಅಂಟಿಕೊಂಡಿದೆ. ಹರಳನ್ನು ಆರಿಸಿ, ಚಿನ್ನ ಕಾಯಿಸಿ, ಒಂದೊಂದು ಕಲ್ಲಿಗೂ ಮನೆ ಮಾಡಿ ಕೂರಿಸಿದವರು ಯಾರು ಎಂದು ಕೇಳಿದರೆ ಇಡೀ ಸೀಮೆಯ ನೆನಪಿನಲ್ಲಿ ಉತ್ತರವಿಲ್ಲ.

ಇದು ರಾಜರ ಕಾಲದ ಮರೆವು ಮಾತ್ರವಾಗಿದ್ದರೆ ಹೇಳುವಂಥದ್ದೇನೂ ಇರಲಿಲ್ಲ. ಇವತ್ತು ಪಾಂಡವಪುರದಲ್ಲೋ ಕೆ.ಆರ್. ಪೇಟೆಯಲ್ಲೋ ಮಗುವಿನ ಉಡಿದಾರ, ಸೊಸೆಯ ಕಾಲುಂಗುರ, ಅಮ್ಮನಿಗೊಂದು ಕೆಂಪುಹರಳಿನ ಬೆಳ್ಳಿ ಉಂಗುರ ಹೇಳಿ ಮಾಡಿಸಿದರೂ ನಮ್ಮ ಕೈಗೆ ಬರುವ ಚೀಟಿಯಲ್ಲಿ ತೂಕ ಇರುತ್ತದೆ, ಆ ದಿನದ ದರ ಇರುತ್ತದೆ, ಅಂಗಡಿಯ ಹೆಸರಿರುತ್ತದೆ. ಕೆಲಸ ಮಾಡಿದವನು ಮಜೂರಿ, ವೇಸ್ಟೇಜ್ ಎಂಬ ಒಂದು ಸಾಲಿನೊಳಗೆ ಕರಗಿಹೋಗಿರುತ್ತಾನೆ. ಒಡವೆಯನ್ನು ಲೋಹದ ತೂಕದಿಂದ ಮಾತ್ರ ಅಳೆಯುವ ಈ ಪದ್ಧತಿಯೇ ಕೈಕೆಲಸವನ್ನು ಒಳಗಿನಿಂದ ಸವೆಸುತ್ತಿದೆ ಎಂಬುದು ಈ ಲೇಖನದ ವಾದ. ಯಂತ್ರ ಬಂದದ್ದರಿಂದ ಅಕ್ಕಸಾಲಿಗ ಸೋತ ಎಂಬುದು ಅರ್ಧ ಸತ್ಯ. ಅವನ ಕೆಲಸಕ್ಕೆ ಅದರದೇ ಆದ ಅಳತೆ ನಮ್ಮಲ್ಲಿ ಇಲ್ಲದ್ದರಿಂದಲೇ ಯಂತ್ರಕ್ಕೆ ಗೆಲುವು ಅಷ್ಟು ಸುಲಭವಾಯಿತು. ಇದನ್ನು ಸರಿಪಡಿಸಲು ಬೆಳ್ಳಿಯಿಂದಲೇ ಶುರುಮಾಡಬೇಕು. ಕೈಯ ಪಾಲು ಲೋಹದ ಪಾಲಿಗಿಂತ ಎದ್ದು ಕಾಣುವುದು ಬೆಳ್ಳಿಯಲ್ಲೇ.

ಮೊದಲು ಪುರಾವೆಗಳನ್ನು ನೋಡೋಣ. ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ಗುಡಿಯಲ್ಲಿ ಟಿಪ್ಪು ಸುಲ್ತಾನ್ ಕೊಟ್ಟ ಬೆಳ್ಳಿಯ ಬಟ್ಟಲುಗಳೂ ಕರ್ಪೂರದಾರತಿಯೂ ಇವೆ. ನಂಜನಗೂಡು ತಾಲ್ಲೂಕಿನ ಕಳಲೆಯ ಲಕ್ಷ್ಮೀಕಾಂತ ಗುಡಿಯಲ್ಲೂ ಅವನು ಕೊಟ್ಟ ಬೆಳ್ಳಿ ಪಾತ್ರೆಗಳಿವೆ. ಅವು ಯಾರ ಕಾಣಿಕೆ ಎಂಬುದು ದಾಖಲಾಗಿದೆ, ಎಲ್ಲರಿಗೂ ಗೊತ್ತಿದೆ. ಇನ್ನೂ ಹಿಂದಕ್ಕೆ ಹೋದರೆ, ತಂಜಾವೂರಿನ ಬೃಹದೀಶ್ವರ ದೇವಾಲಯದ ಗೋಡೆಗಳ ಮೇಲೆ ಒಂದನೆಯ ರಾಜರಾಜನ ಕಾಲದ ಶಾಸನಗಳು ಒಡವೆಗಳ ವಿವರವನ್ನು ಬೆರಗು ಹುಟ್ಟಿಸುವಷ್ಟು ಚೊಕ್ಕವಾಗಿ ಕೊಡುತ್ತವೆ. ಚಿನ್ನವನ್ನು ಆಡವಲ್ಲಾನ್ ಎಂಬ ತೂಕದ ಕಲ್ಲಿನಿಂದ, ಹರಳಿನ ಒಡವೆಗಳನ್ನು ದಕ್ಷಿಣಮೇರು ವಿಟಂಕನ್ ಎಂಬ ಬೇರೆ ತೂಕದಿಂದ ತೂಗಿ, ಮುತ್ತುಗಳಲ್ಲಿ ದುಂಡಗಿನವೆಷ್ಟು, ದೋಷವಿರುವ ಕಲ್ಲುಗಳಾವುವು, ಒಟ್ಟು ಬೆಲೆ ಎಷ್ಟು ಕಾಸು ಎಂದು ಕೆತ್ತಿಸಿದ್ದಾರೆ. ಸಾವಿರ ವರ್ಷದ ಹಿಂದೆ ಅಷ್ಟು ಕಟ್ಟುನಿಟ್ಟಾಗಿ ಲೆಕ್ಕ ಇಟ್ಟವರು ಒಡವೆಯ ಸಾಲಿನಲ್ಲಿ ಬರೆದದ್ದು ಕೊಟ್ಟವರನ್ನು, ತೂಕವನ್ನು, ಬೆಲೆಯನ್ನು. ಮಾಡಿದ ಕೈಗೆ ಆ ಸಾಲಿನಲ್ಲಿ ಜಾಗ ಸಿಗಲಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಪುರಾವೆ ಇಡಬೇಕು, ಏಕೆಂದರೆ ಅದು ಈ ನೆಲದ್ದೇ. ಪಾಂಡವಪುರ ಸೀಮೆಯ ತೊಣ್ಣೂರು ಹೊಯ್ಸಳರ ನೆಲ. ರಾಮಾನುಜರು ವಿಷ್ಣುವರ್ಧನನ ಕಾಲದಲ್ಲಿ ಇದ್ದ ಊರು, ನಂಬಿನಾರಾಯಣನ ಊರು. ಈ ಸುತ್ತಿನ ಹೊಯ್ಸಳ ಗುಡಿಗಳಿಗೆ, ಹೊಸಹೊಳಲಿಗೋ ಕಿಕ್ಕೇರಿಗೋ ಹೋಗಿ ಕಲ್ಲಿನ ಮೈಮೇಲಿನ ಒಡವೆಗಳನ್ನಷ್ಟೇ ನೋಡಬೇಕು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಆ ಗುಣವನ್ನು ಬಳಸಿಕೊಂಡು ಶಿಲ್ಪಿಗಳು ಕಿರೀಟದ ಗೊಂಡೆ, ಕಂಠಿಯ ಎಸಳು, ತೋಳಬಂದಿಯ ಅಂಚಿನ ಗುಂಡುಗಳು, ನಡುಪಟ್ಟಿಯಿಂದ ಇಳಿಬಿದ್ದ ಸರಗಳು, ಕಾಲುಂಗುರಗಳವರೆಗೆ ಬಿಡಿಬಿಡಿಯಾಗಿ ಕಡೆದಿದ್ದಾರೆ. ಒಡವೆ ಮಾಡುವ ಕೈಗಳನ್ನು ಹತ್ತಿರದಿಂದ ಕಾಣದವರಿಗೆ ಗುಂಡಿನ ಕೆಳಗೆ ತಂತಿ ಹೇಗೆ ಹಾದುಹೋಗುತ್ತದೆ ಎಂಬುದು ಹೊಳೆಯುವುದಿಲ್ಲ. ಅಂದರೆ ಇಲ್ಲಿ ನುರಿತ ಅಕ್ಕಸಾಲಿಗರಿದ್ದರು. ಅವರು ಮಾಡಿದ್ದು ಹೇಗಿತ್ತು ಎಂಬುದಕ್ಕೆ ಇವತ್ತು ಉಳಿದಿರುವ ಒಳ್ಳೆಯ ದಾಖಲೆ ಲೋಹದಲ್ಲಿಲ್ಲ, ಕಲ್ಲಿನಲ್ಲಿದೆ.

ಆ ಕಲ್ಲಿನವರು ತಮ್ಮ ಹೆಸರನ್ನು ಬಿಟ್ಟುಹೋದರು ಎಂಬುದು ಇನ್ನೂ ಮುಖ್ಯ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಬಿರುದುಗಳ ಸಮೇತ ಸಹಿ ಮಾಡಿದರು. ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಂಬ ಹೆಸರು ವಿಗ್ರಹದಿಂದ ವಿಗ್ರಹಕ್ಕೆ ಸಿಗುತ್ತದೆ, ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲಿ ದ್ವಾರಪಾಲಕರ ಪೀಠದಲ್ಲೂ ರೂವಾರಿ ಮಲ್ಲಿತಮ್ಮನ ಹೆಸರಿದೆ. ಹೆಸರು ಬರೆದದ್ದರಿಂದ ಅವರ ಭಕ್ತಿಗೆ ಕೊರತೆಯಾಗಲಿಲ್ಲ, ಗುಡಿ ಕಟ್ಟಿಸಿದವರ ಕೀರ್ತಿಯೂ ಕುಗ್ಗಲಿಲ್ಲ. ನಮಗಾದ ಲಾಭ ದೊಡ್ಡದು. ಹೆಸರಿದ್ದುದರಿಂದಲೇ ಒಬ್ಬ ಶಿಲ್ಪಿಯ ಕೈ ಯಾವ ಊರಿನಿಂದ ಯಾವ ಊರಿಗೆ ಹೋಯಿತು, ಕಾಲಕ್ರಮದಲ್ಲಿ ಹೇಗೆ ಮಾಗಿತು ಎಂದು ಇವತ್ತು ವಿದ್ವಾಂಸರು ಹಿಂಬಾಲಿಸಬಲ್ಲರು. ಅದೇ ನಾಡಿನ, ಅದೇ ಕಾಲದ, ಬಹುಶಃ ಅದೇ ವಿಶ್ವಕರ್ಮ ಬಂಧುತ್ವದ ಅಕ್ಕಸಾಲಿಗನ ಬಗ್ಗೆ ಅಂಥ ಒಂದು ವಾಕ್ಯವನ್ನೂ ಬರೆಯಲಾಗುವುದಿಲ್ಲ.

ಕಾರಣ ಸರಳವಾಗಿದೆ, ಲೋಹ ಕರಗುತ್ತದೆ. ಕಲ್ಲಿನ ವಿಗ್ರಹ ಒಡೆದರೆ ಬೆಲೆ ಹೋಯಿತು. ಬೆಳ್ಳಿಯ ಡಾಬು ಒಡೆದರೆ ಮೂಸೆಗೆ ಹೋಗಿ ಮತ್ತೆ ಬೆಳ್ಳಿಯೇ ಆಗುತ್ತದೆ. ಅಜ್ಜಿಯ ಕಾಲ್ಕಡಗ ಮೊಮ್ಮಗಳ ಗೆಜ್ಜೆಯಾಗುವುದರಲ್ಲಿ ಒಂದು ಚೆಲುವೂ ಇದೆ. ಆದರೆ ಕರಗುವ ವಸ್ತುವಿಗೆ ಸಾಲ ಕೊಡುವವನು, ಮಾರುವವನು, ತೆರಿಗೆ ಹಾಕುವವನು ಎಲ್ಲರೂ ನಂಬಬಹುದಾದದ್ದು ತೂಕ ಒಂದನ್ನೇ. ಹಾಗಾಗಿ ಕೂಲಿಯೂ ತೂಕಕ್ಕೇ ಕಟ್ಟುಬಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಇದಕ್ಕೆ ಸಾಕ್ಷಿ. ಒಂದು ಧರಣ ತೂಕದ ಬೆಳ್ಳಿ ಕೆಲಸಕ್ಕೆ ಒಂದು ಮಾಷಕ ಕೂಲಿ ಎಂದು ಅಲ್ಲಿ ಗೊತ್ತುಮಾಡಿದ್ದಾರೆ. ಆದರೆ ಅದರ ಬೆನ್ನಿಗೇ ಇರುವ ವಿಧಿಯನ್ನು ನಾವು ಮರೆತಿದ್ದೇವೆ: ವಿಶೇಷ ನೈಪುಣ್ಯವಿದ್ದರೆ ಕೂಲಿ ಇಮ್ಮಡಿಯಾಗಬಹುದು. ತೂಕವೊಂದರಿಂದಲೇ ಕೆಲಸವನ್ನು ಅಳೆಯಲಾಗದು ಎಂಬುದು ಅಷ್ಟು ಹಿಂದೆಯೇ ಗೊತ್ತಿತ್ತು.

ತೂಕದ ಕೂಲಿಯ ಜೊತೆಗೇ ಹುಟ್ಟಿದ್ದು ಅನುಮಾನ. ಅದೇ ಗ್ರಂಥ ಅಕ್ಕಸಾಲಿಗರು ಲೋಹ ಕದಿಯುವ ಬಗೆಗಳನ್ನು ಎಣಿಸಿ ಹೇಳುತ್ತದೆ. ಅವನು ನೊಣ ಓಡಿಸಿದರೂ, ತನ್ನ ಮೈ ನೋಡಿಕೊಂಡರೂ, ಮಡಿಲಿನತ್ತ ಕೈ ಹೋದರೂ ಕಣ್ಣಿಡಬೇಕು ಎನ್ನುತ್ತದೆ. ಅಗ್ಗಿಷ್ಟಿಕೆ, ತಿದಿ, ನೀರಿನ ಬಟ್ಟಲುಗಳೂ ಸಂಶಯದ ಪಟ್ಟಿಯಲ್ಲಿವೆ. ಅಕ್ಕನ ಚಿನ್ನವನ್ನೂ ಅಕ್ಕಸಾಲಿಗ ಬಿಡಲಾರ ಎಂಬ ಗಾದೆ ಕನ್ನಡದಲ್ಲಿ ಇವತ್ತಿಗೂ ಓಡಾಡುತ್ತಿದೆ. ಕದ್ದವರು ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಕೂಲಿ ಇಷ್ಟೇ ಎಂದು ಬಿಗಿಹಿಡಿದು, ತೇಮಾನಕ್ಕೆಂದು ಒಂದಿಷ್ಟು ಬಿಟ್ಟು, ಆ ತೇಮಾನದಲ್ಲೇ ಬದುಕಿಕೊಳ್ಳಲಿ ಎಂಬ ಏರ್ಪಾಟು ಮಾಡಿದ ಮೇಲೆ, ಅರದ ಪುಡಿಯನ್ನು ಅವನು ಉಳಿಸಿಕೊಂಡದ್ದನ್ನು ಜಾತಿಯ ಗುಣವೆಂದು ಗಾದೆ ಕಟ್ಟಿದ್ದು ಅನ್ಯಾಯ. ಇವತ್ತಿನ ಚೀಟಿಯಲ್ಲಿರುವ ವೇಸ್ಟೇಜ್ ಎಂಬ ಸಾಲು ಅದೇ ಏರ್ಪಾಟಿನ ಮೊಮ್ಮಗು. ಅದರಲ್ಲಿ ನಿಜವಾಗಿ ನಷ್ಟವಾದ ಬೆಳ್ಳಿ ಎಷ್ಟು, ಕುಶಲಿಯ ಕೂಲಿ ಎಷ್ಟು, ಅಂಗಡಿಯ ಲಾಭ ಎಷ್ಟು ಎಂಬುದು ಕೊಳ್ಳುವವರಿಗೆ ತಿಳಿಯದು. ಮಾಡಿದವನಿಗೂ ಅನೇಕ ವೇಳೆ ತಿಳಿಯದು.

ಬೆಳ್ಳಿಯ ಕೆಲಸ ಚಿನ್ನದ ಕೆಲಸಕ್ಕಿಂತ ಹಗುರ ಎಂಬ ನಂಬಿಕೆ ಇದೆ. ಕುಲುಮೆಯ ಮುಂದೆ ಅದು ನಿಲ್ಲುವುದಿಲ್ಲ. ಶುದ್ಧ ಬೆಳ್ಳಿ 962 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುತ್ತದೆ. ಬರೀ ಬೆಳ್ಳಿ ಮೆತ್ತಗಿರುವುದರಿಂದ ನೂರಕ್ಕೆ ಏಳೂವರೆ ಪಾಲು ತಾಮ್ರ ಬೆರೆಸಿದ 925ರ ಬೆಳ್ಳಿಯನ್ನು ಒಡವೆಗೆ ಹೆಚ್ಚು ಬಳಸುತ್ತಾರೆ. ಬಡಿದಂತೆ ಅದು ಗಡಸಾಗುತ್ತ ಹೋಗುತ್ತದೆ. ಮಂದ ಕೆಂಪಗೆ ಕಾಯಿಸಿ, ತಣಿಸಿ, ಮತ್ತೆ ಬಡಿಯಬೇಕು, ಇಲ್ಲದಿದ್ದರೆ ಸೀಳುತ್ತದೆ. ಕಂಬಚ್ಚಿನ ದೊಡ್ಡ ತೂತಿನಿಂದ ಸಣ್ಣ ತೂತಿಗೆ ಎಳೆಯುತ್ತ ತಂತಿ ತೆಗೆಯುವಾಗಲೂ ನಡುನಡುವೆ ಅದೇ ಉಪಚಾರ. ನಿಜವಾದ ಕಷ್ಟ ಬೆಸುಗೆಯಲ್ಲಿದೆ. ಎಲ್ಲ ಲೋಹಗಳಲ್ಲಿ ಶಾಖವನ್ನು ಅತಿ ಬೇಗ ಹರಡುವುದು ಬೆಳ್ಳಿ. ಚಿನ್ನದಲ್ಲಿ ಬೆಸುಗೆಯ ಜಾಗಕ್ಕೆ ಊದುಗೊಳವೆಯ ಜ್ವಾಲೆ ಹಿಡಿದರೆ ಕೆಲಸ ನಡೆದೀತು; ಬೆಳ್ಳಿಯಲ್ಲಿ ಆ ಶಾಖ ಕ್ಷಣದಲ್ಲಿ ಇಡೀ ಒಡವೆಗೆ ಓಡಿಬಿಡುತ್ತದೆ, ಒಟ್ಟು ಒಡವೆಯನ್ನೇ ಕಾಯಿಸಬೇಕಾಗುತ್ತದೆ. ಹಾಗೆ ಕಾಯಿಸಿದಾಗ ಮೊದಲೇ ಹಾಕಿದ ಬೆಸುಗೆ ಬಿಟ್ಟುಕೊಳ್ಳಬಾರದು. ಅದಕ್ಕೇ ಮೊದಲ ಬೆಸುಗೆಗೆ ಹೆಚ್ಚು ಶಾಖದಲ್ಲಿ ಕರಗುವ ಮಿಶ್ರಣ, ಮುಂದಿನದಕ್ಕೆ ಅದಕ್ಕಿಂತ ಕಡಿಮೆಯದು, ಕೊನೆಯದಕ್ಕೆ ಇನ್ನೂ ಕಡಿಮೆಯದು ಎಂದು ಮೊದಲೇ ಲೆಕ್ಕ ಹಾಕಿರಬೇಕು. ಬಿಳಿಗಾರ ಕಡಿಮೆಯಾದರೆ ತಾಮ್ರ ಗಾಳಿ ಹೀರಿ ಮೈಮೇಲೆ ಕಪ್ಪು ಮಚ್ಚೆ ಎದ್ದು ನಿಲ್ಲುತ್ತದೆ. ಉಜ್ಜಿ ತೆಗೆಯಲು ಅರ್ಧ ದಿನ ಬೇಕು.

ಈ ಕೆಲಸದ ಕೂಲಿಯನ್ನು ಲೋಹದ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಕೊಟ್ಟರೆ ಏನಾಗುತ್ತದೆ? ಗ್ರಾಂ ಚಿನ್ನಕ್ಕೆ 12,000 ರೂಪಾಯಿ, ಗ್ರಾಂ ಬೆಳ್ಳಿಗೆ 150 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 6 ಗ್ರಾಂ ತೂಗುವ ಉಂಗುರಕ್ಕೆ ನೂರಕ್ಕೆ ಹತ್ತರ ಮಜೂರಿಯಾದರೆ ಚಿನ್ನದಲ್ಲಿ ಅದು 7,200 ರೂಪಾಯಿ, ಬೆಳ್ಳಿಯಲ್ಲಿ 90 ರೂಪಾಯಿ. ಉಂಗುರ ಅದೇ, ಹರಳು ಅದೇ, ಕೈ ಅದೇ, ಬೆಸುಗೆ ಮಾತ್ರ ಇನ್ನಷ್ಟು ಕಷ್ಟದ್ದು. ಬೆಳ್ಳಿಗೆ ಶೇಕಡಾ ಲೆಕ್ಕ ಬಿಟ್ಟು ಗ್ರಾಂಗೆ ಇಷ್ಟು ರೂಪಾಯಿ ಎಂದು ಹಾಕುವ ಅಂಗಡಿಗಳೂ ಉಂಟು, ಅದು ನಿಜ. ಆದರೂ ಅಳತೆಗೋಲು ತೂಕವೇ. ತೂಕಕ್ಕೆ ಕೂಲಿ ಎಂದಾಗ ದಪ್ಪ ಒಡವೆಗೆ ಹೆಚ್ಚು, ತೆಳುವಾದ ನಾಜೂಕು ಒಡವೆಗೆ ಕಡಿಮೆ. ಹೆಚ್ಚು ಹೊತ್ತು ಕೂತು ಲೋಹವನ್ನು ತೆಳ್ಳಗೆ ಮಾಡಿದ ಕುಶಲಿ ತನ್ನ ಕೂಲಿಯನ್ನೇ ತೆಳ್ಳಗೆ ಮಾಡಿಕೊಳ್ಳುತ್ತಾನೆ. ಬೆಳ್ಳಿಯ ಬೆಲೆ 2025ರಲ್ಲಿ ಕಿಲೋಗೆ ಒಂದೂವರೆ ಲಕ್ಷ ದಾಟಿದಾಗ ಈ ಬಿಕ್ಕಟ್ಟು ಇನ್ನಷ್ಟು ಬಿಗಿಯಾಯಿತು. ಮನೆಯವರ ಕೈಯಲ್ಲಿರುವ ಹಣ ಅಷ್ಟೇ ಇರುತ್ತದೆ, ಲೋಹವೇ ಅದರ ಬಹುಪಾಲು ನುಂಗುತ್ತದೆ, ಕಡಿತ ಮಾಡೋಣ ಎಂದಾಗ ಚೌಕಾಸಿಗೆ ಸಿಗುವುದು ಮಜೂರಿ ಮಾತ್ರ.

ಹೇಳಿ ಮಾಡಿಸುವುದಕ್ಕೂ ಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿ ಮುಖ್ಯವಾಗುತ್ತದೆ. ಅಂಗಡಿಯ ಗಾಜಿನೊಳಗಿನ ಒಡವೆ ಯಾರ ಮೈಗೂ ಸೇರಿದ್ದಲ್ಲ. ಹೇಳಿ ಮಾಡಿಸಿದ್ದು ಒಂದು ಬೆರಳಿಗೆ, ಒಂದು ಕಿವಿಗೆ, ಒಂದು ಸೊಂಟಕ್ಕೆ ಅಳತೆ ತೆಗೆದದ್ದು. ಉತ್ತರ ಕರ್ನಾಟಕದಲ್ಲಿ ಪತ್ತಾರರು ಮಾಡುವ ಬೆಳ್ಳಿಯ ಕರಡಿಗೆಯನ್ನು ನೋಡಿ: ಒಬ್ಬರ ಎದೆಯ ಮೇಲೆ, ಒಬ್ಬರ ಇಷ್ಟಲಿಂಗಕ್ಕಾಗಿ, ದಿನವೂ ತೆರೆದು ಮುಚ್ಚುವ ಹಾಗೆ ಅದನ್ನು ಮಾಡಬೇಕು, ಮುಚ್ಚಳ ಕೂದಲೆಳೆಯಷ್ಟು ಬಿಗಿಯಾದರೂ ಸಡಿಲವಾದರೂ ನಡೆಯದು. ಕೂಸಿನ ಉಡಿದಾರಕ್ಕೆ ಬೆಳೆಯುವ ಮೈಗೆಂದು ಕೊಂಡಿಗಳನ್ನು ಬಿಟ್ಟು ಮಾಡಬೇಕು. ಹಗಲೆಲ್ಲ ಕೆಸರುಗದ್ದೆಯಲ್ಲಿ ನಿಲ್ಲುವ ಹೆಂಗಸಿನ ಕಾಲುಂಗುರದ ಒಳಅಂಚು ದುಂಡಗಿರಬೇಕು, ಇಲ್ಲವಾದರೆ ಬೆರಳು ಕೊಯ್ಯುತ್ತದೆ. ಮಾಡಿಸುವವರು ಹೇಳುವುದನ್ನು ಕೇಳಿ, ಹೇಳದ್ದನ್ನು ಅವರ ಕೈಕಾಲು ನೋಡಿ ತಿಳಿದುಕೊಳ್ಳುವುದೂ ಕಸುಬಿನ ಭಾಗವೇ. ಇವೆಲ್ಲ ತಕ್ಕಡಿಯಲ್ಲಿ ಒಂದು ಗುಲಗಂಜಿಯಷ್ಟೂ ತೂಗುವುದಿಲ್ಲ.

ಹರಳು ಬಂದಾಗ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಹರಳನ್ನು ಮೊದಲು ಕೈಯಲ್ಲಿ ಹಿಡಿದು, ಆಮೇಲೆ ಅದಕ್ಕೆ ತಕ್ಕ ಮನೆ ಮಾಡುವುದು ಕೈಕೆಲಸದ ಕ್ರಮ. ಮನೆ ಮೊದಲು ಮಾಡಿ ಅದಕ್ಕೆ ಹೊಂದುವ ಹರಳು ಹುಡುಕುವುದು ಕಾರ್ಖಾನೆಯ ಕ್ರಮ. ವಜ್ರದ ನಂತರ ಅತಿ ಗಡಸು ಕೆಂಪು, ನೀಲ. ಪಚ್ಚೆ ಗಡಸೇ ಆದರೂ ಒಳಗೆ ಬಿರುಕುಗಳ ಜಾಲವಿರುವುದರಿಂದ ಶಾಖಕ್ಕೂ ಪೆಟ್ಟಿಗೂ ಹೆದರುತ್ತದೆ. ಮುತ್ತು, ಹವಳಗಳು ಜೀವಿಗಳಿಂದ ಬಂದವು, ಹುಳಿ ತಾಗಿದರೆ ಮೇಲ್ಮೈ ಕರಗುತ್ತದೆ. ಹಾಗಾಗಿ ಬೆಸುಗೆ, ಹುಳಿಯಲ್ಲಿ ತೊಳೆಯುವುದು, ಮೆರುಗು ಎಲ್ಲವೂ ಮುಗಿದ ಮೇಲೆ, ಕೊನೆಯಲ್ಲಿ, ಬೆಂಕಿಯ ಸಹಾಯವಿಲ್ಲದೆ ಬೆಳ್ಳಿಯ ತೆಳು ಅಂಚನ್ನು ಹರಳಿನ ಮೇಲಕ್ಕೆ ಸುತ್ತಲೂ ಒತ್ತುತ್ತ ಬರಬೇಕು. ಇಲ್ಲೇ ನಂಬಿಕೆಯ ಪ್ರಶ್ನೆಯೂ ಬರುತ್ತದೆ. 2004ರ ಸುಮಾರಿಗೆ ಸೀಸದ ಗಾಜು ತುಂಬಿದ ಕೆಂಪುಗಳು ಪೇಟೆಗೆ ಬಂದವು. ಬಿರುಕುಬಿಟ್ಟ ಅಗ್ಗದ ಕಲ್ಲಿನ ಸಂದುಗಳಿಗೆ ಗಾಜು ಹರಿಸಿದರೆ ಅದು ಒಳ್ಳೆಯ ಕೆಂಪಿನಂತೆ ಹೊಳೆಯುತ್ತದೆ. ಆದರೆ ನಿಂಬೆರಸ ತಾಗಿದರೂ ಆ ಗಾಜು ಸವೆದು ಕಲ್ಲಿನ ಮೇಲೆ ಗೀರುಗಳು ಮೂಡುತ್ತವೆ, ರಿಪೇರಿಗೆಂದು ಕಾಯಿಸಿದರೆ ಕಲ್ಲೇ ಹಾಳು. ಹಾಲ್‌ಮಾರ್ಕ್ ಇದನ್ನು ಹೇಳುವುದಿಲ್ಲ, ಅದು ಲೋಹದ ಸಾಕ್ಷಿ ಮಾತ್ರ. ಹರಳು ಎಂಥದ್ದು, ಅದನ್ನು ಹೇಗೆ ಕೂರಿಸಿದೆ, ಮುಂದೆ ಯಾವುದರಿಂದ ತೊಳೆಯಬಾರದು ಎಂದು ಹೇಳಬಲ್ಲವರು ಅದನ್ನು ಕೂರಿಸಿದವರು. ಅವರು ಯಾರೆಂದೇ ತಿಳಿಯದಿದ್ದರೆ ಕೇಳುವುದು ಯಾರನ್ನು?

ಕೈಯನ್ನು ಲೆಕ್ಕದಿಂದ ಹೊರಗಿಟ್ಟರೆ ಆ ಕೈಗೆ ಅಂಟಿಕೊಂಡ ಮೈಯೂ ಹೊರಗುಳಿಯುತ್ತದೆ. ಕೆಡಿಎಂ ಎಂಬ ಹೆಸರು ನಮ್ಮ ಮದುವೆಮನೆಗಳಲ್ಲಿ ಬಹಳ ವರ್ಷ ಶುದ್ಧತೆಯ ಗುರುತಾಗಿತ್ತು. ಚಿನ್ನದ ಬೆಸುಗೆಗೆ ಕ್ಯಾಡ್ಮಿಯಂ ಸೇರಿಸಿದರೆ ಕ್ಯಾರೆಟ್ ಇಳಿಯದೆ ಬೆಸುಗೆ ಸಲೀಸಾಗಿ ಹರಿಯುತ್ತಿತ್ತು, ಕೊಳ್ಳುವವರು ಕೇಳಿ ಕೇಳಿ ಪಡೆದರು. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ. ಬೆಸುಗೆಯ ಶಾಖ ಅದರ ಹತ್ತಿರಹತ್ತಿರವೇ ಇರುತ್ತದೆ. ಆ ಹೊಗೆ ಸಣ್ಣ ಕೋಣೆಯಲ್ಲಿ ಊದುಗೊಳವೆ ಹಿಡಿದು ಕೂತವರ ಪುಪ್ಪುಸಕ್ಕೂ ಮೂತ್ರಪಿಂಡಕ್ಕೂ ಇಳಿಯಿತು. ತೊಡುವವರಿಗಿಂತ ಮಾಡುವವರಿಗೇ ಅಪಾಯ ಹೆಚ್ಚಿತ್ತು. ಚಿನ್ನದ ಶುದ್ಧತೆಗೆ ಅಷ್ಟು ಪ್ರಶ್ನೆ ಕೇಳಿದ ನಾವು ಆ ಬೆಸುಗೆ ಹಾಕಿದವರ ಉಸಿರಿನ ಬಗ್ಗೆ ಕೇಳಲಿಲ್ಲ.

ಸರ್ಕಾರದ ಕಣ್ಣಿಗೂ ಬಹುಕಾಲ ಬಿದ್ದದ್ದು ಲೋಹವೇ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ ಬಂದ ಚಿನ್ನ ನಿಯಂತ್ರಣ ನಿಯಮ 14 ಕ್ಯಾರೆಟ್‌ಗಿಂತ ಹೆಚ್ಚಿನ ಹೊಸ ಒಡವೆ ಮಾಡುವುದನ್ನು ನಿಷೇಧಿಸಿತು. ವಿದೇಶಿ ವಿನಿಮಯ ಉಳಿಸುವ ಲೆಕ್ಕಾಚಾರ ಅದು. ದೇಶದುದ್ದಕ್ಕೂ ಅಕ್ಕಸಾಲಿಗರ ಮನೆಗಳ ಒಲೆ ಆರಿತು, ಆತ್ಮಹತ್ಯೆಗಳೂ ನಡೆದವು. 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯಾಯಿತು, ರದ್ದಾದದ್ದು 1990ರಲ್ಲಿ. ಒಂದು ತಲೆಮಾರು ಮಕ್ಕಳನ್ನು ಬೇರೆ ಕೆಲಸಕ್ಕೆ ಕಳಿಸಲು ಅಷ್ಟು ವರ್ಷ ಸಾಕು.

ಇನ್ನು ಆಕ್ಷೇಪಗಳು. ಎಲ್ಲಕ್ಕಿಂತ ಗಟ್ಟಿಯಾದದ್ದು ಯಂತ್ರದವರದು: ಸೇಲಂನ ಗೆಜ್ಜೆ, ಕೊಲ್ಹಾಪುರದ ಪಕ್ಕದ ಹುಪರಿಯ ಬೆಳ್ಳಿ ಸಾಮಾನು, ರಾಜ್‌ಕೋಟ್, ಆಗ್ರಾಗಳ ಸರಕು ಕಡಿಮೆ ಮಜೂರಿಗೆ, ಒಂದೇ ಸಮನಾಗಿ, ಬೇಕಾದಾಗ ಸಿಗುತ್ತಿರುವಾಗ ಊರಿನ ಆಚಾರಿಯ ಮುಂದೆ ಹದಿನೈದು ದಿನ ಏಕೆ ಕಾಯಬೇಕು? ಉತ್ತರ ಪ್ರಾಮಾಣಿಕವಾಗಿ ಹೇಳಬೇಕು: ಸರಪಣಿಗೆ ಕಾಯಬೇಕಾಗಿಲ್ಲ. ಯಂತ್ರ ಹೆಣೆದ ಸರಪಣಿಯ ಕೊಂಡಿಗಳು ಕೈಯವಕ್ಕಿಂತ ಸಮನಾಗಿರುತ್ತವೆ, ಹುಪರಿಯಲ್ಲೂ ಸೇಲಂನಲ್ಲೂ ದುಡಿಯುವುದು ಕುಶಲಿಗಳೇ. ನನ್ನ ವಾದ ಯಂತ್ರದ ವಿರುದ್ಧವಲ್ಲ. ಅಳತೆಯ ಒಡವೆ, ಹರಳಿನ ಒಡವೆ, ರಿಪೇರಿ, ಹಳೆಯದನ್ನು ಹೊಸದಾಗಿಸುವುದು, ಗ್ರಾಮದೇವತೆಯ ಬೆಳ್ಳಿ ಮುಖವಾಡ, ಹರಕೆಯ ಕಣ್ಣು ಇವೆಲ್ಲ ಒಂದೊಂದೇ ಆಗುವಂಥವು; ಇವಕ್ಕೆ ಅಚ್ಚು ಮಾಡಿಸುವುದೇ ದುಬಾರಿ. ಈ ಕೆಲಸಕ್ಕೂ ಸರಪಣಿಯ ದರದ ಮೇಲೇ ಕೂಲಿ ಕಟ್ಟುವುದರಿಂದ ಇದನ್ನು ಬಲ್ಲವರು ಕುಲುಮೆಯಿಂದ ಏಳುತ್ತಿದ್ದಾರೆ. ಎರಡಕ್ಕೂ ಬೇರೆ ಬೇರೆ ಅಳತೆಗೋಲು ಇರಲಿ ಎಂಬಷ್ಟೇ ಬೇಡಿಕೆ.

ಎರಡನೆಯ ಆಕ್ಷೇಪ ಬಡವರ ಪರವಾಗಿ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಕಬ್ಬಿನ ಹಣ ಬಂದ ವರ್ಷ ಕೊಂಡ ಬೆಳ್ಳಿ, ಮಳೆ ಕೈಕೊಟ್ಟ ವರ್ಷ ಅಡವಿಗೆ ಹೋಗುತ್ತದೆ. ಅಡವಿಟ್ಟುಕೊಳ್ಳುವವನು ಕುಸುರಿಗೆ ಕಾಸು ಕೊಡನು, ತೂಕಕ್ಕೆ ಕೊಡುತ್ತಾನೆ. ಹಾಗಿರುವಾಗ ಕೂಲಿಗೆ ಹೆಚ್ಚು ತೆರುವುದು ನಷ್ಟವಲ್ಲವೇ? ಉಳಿತಾಯವೇ ಉದ್ದೇಶವಾದರೆ ಸಾದಾ ಗಟ್ಟಿಬೆಳ್ಳಿ ಕೊಳ್ಳುವುದೇ ಲಾಭ, ಅದಕ್ಕೆ ಒಡವೆಯ ರೂಪ ಬೇಕಿಲ್ಲ. ಒಡವೆ ಮಾಡಿಸಿದಾಗ ಈಗಲೂ ಮಜೂರಿ ಕೊಡುತ್ತಲೇ ಇದ್ದೇವೆ, ವೇಸ್ಟೇಜ್ ಹೆಸರಿನಲ್ಲಿ, ಎಷ್ಟೆಂದು ತಿಳಿಯದೆ. ಲೋಹಕ್ಕೆ ಇಷ್ಟು, ಕೆಲಸಕ್ಕೆ ಇಷ್ಟು, ಹರಳಿಗೆ ಇಷ್ಟು ಎಂದು ಬಿಡಿಸಿ ಬರೆದರೆ ಅಡವಿಡುವಾಗ ತನ್ನ ಕೈಗೆ ಎಷ್ಟು ಬರುತ್ತದೆ ಎಂಬುದು ಕೊಳ್ಳುವ ದಿನವೇ ಆ ಮನೆಯವಳಿಗೆ ಗೊತ್ತಿರುತ್ತದೆ. ಮರೆಮಾಚಿದ ಲೆಕ್ಕ ಬಡವರನ್ನು ಎಂದೂ ಕಾಪಾಡಿಲ್ಲ. ಬೆಳ್ಳಿಯ ಅಂಶವೇ ಇಲ್ಲದ ಜರ್ಮನ್ ಸಿಲ್ವರ್ ಬೆಳ್ಳಿಯ ಹೆಸರಿನಲ್ಲೇ ಜಾತ್ರೆಗಳಲ್ಲಿ ಕೈ ಬದಲಾಯಿಸುವುದು ಇಂಥ ಮರೆಯಲ್ಲೇ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ನಿಕ್ಕಲ್ ಅನೇಕರ ಚರ್ಮಕ್ಕೆ ಒಗ್ಗುವುದಿಲ್ಲ.

ಹೆಸರಿಲ್ಲದೆ ದುಡಿಯುವುದೇ ನಮ್ಮ ಕುಶಲಿಗಳ ಸಂಸ್ಕಾರ ಎಂದು ಕೆಲವರು ಹೇಳುತ್ತಾರೆ. ದಾಸೋಜನೂ ಮಲ್ಲಿತಮ್ಮನೂ ಇದಕ್ಕೆ ಆಗಲೇ ಉತ್ತರ ಕೊಟ್ಟಿದ್ದಾರೆ. ಈಗ ಡಿಸೈನರ್‌ಗಳ, ಬ್ರ್ಯಾಂಡ್‌ಗಳ ಹೆಸರು ಇದೆಯಲ್ಲ ಎಂಬುದು ಇನ್ನೊಂದು ಮಾತು. ಆ ಹೆಸರು ವಿನ್ಯಾಸದವರದು, ಮಾರುವವರದು, ಬೆಂಕಿಯ ಮುಂದಿನವರದಲ್ಲ. ಇಂಗ್ಲೆಂಡಿನಲ್ಲಿ ಮೂರನೆಯ ಎಡ್ವರ್ಡನ ಕಾಲದಲ್ಲಿ, 1363ರಲ್ಲಿ, ಪ್ರತಿ ಅಕ್ಕಸಾಲಿಗನೂ ತನ್ನದೇ ಮುದ್ರೆ ಹೊಂದಿರಬೇಕೆಂದು ಕಟ್ಟಳೆಯಾಯಿತು. ಅಲ್ಲಿಯೂ ಕ್ರಮೇಣ ಆ ಮುದ್ರೆ ವ್ಯಾಪಾರದ ಸಂಸ್ಥೆಗಳ ಕೈಗೆ ಹೋಯಿತು, ಆ ದಾರಿಯನ್ನು ನಾವು ಕಣ್ಮುಚ್ಚಿ ಹಿಡಿಯಬೇಕಿಲ್ಲ. ನಮ್ಮ ದೇಶದಲ್ಲೇ 19ನೆಯ ಶತಮಾನದ ಕೊನೆಯಲ್ಲಿ ಕಚ್ಛದ ಭುಜ್‌ನಲ್ಲಿದ್ದ ಊಮರ್ಸಿ ಮಾವಜಿ ತನ್ನ ಬೆಳ್ಳಿ ಕೆಲಸಕ್ಕೆ ಹೆಸರಿನ ಎರಡು ಅಕ್ಷರ ಒತ್ತುತ್ತಿದ್ದ. ಆ ಎರಡು ಅಕ್ಷರಗಳಿಂದಾಗಿಯೇ ಅವನ ಪಾತ್ರೆಗಳನ್ನು ಸಂಗ್ರಹಕಾರರು ಕರಗಿಸದೆ ಕಾಪಾಡಿಕೊಂಡು ಬಂದಿದ್ದಾರೆ, ಬೆಳ್ಳಿಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ಲೋಹ ಕರಗುವುದರಿಂದ ಹೆಸರು ಉಳಿಯಲಿಲ್ಲ ಎಂದು ಮೇಲೆ ಹೇಳಿದೆ. ಹೆಸರಿದ್ದರೆ ಲೋಹ ಕರಗುವುದು ತಪ್ಪುತ್ತದೆ ಎಂಬುದೂ ಅಷ್ಟೇ ನಿಜ.

ಇದನ್ನು ಮಾಡಲು ಹೊಸ ಇಲಾಖೆಯೇನೂ ಬೇಡ. ಚಿನ್ನಕ್ಕೆ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗಿದೆ. ಮೊದಲು ಒಡವೆಯ ಮೇಲೇ ಅಂಗಡಿಯ ಗುರುತು ಇರುತ್ತಿತ್ತು. ಆರು ಅಕ್ಷರ ಅಂಕಿಗಳ ಗುರುತುಸಂಖ್ಯೆ ಎಚ್‌ಯುಐಡಿ ಬಂದ ಮೇಲೆ ಅದೂ ಬಿಐಎಸ್ ಕೇರ್ ಆ್ಯಪ್‌ನೊಳಗೆ ಸೇರಿತು. ಬೆಳ್ಳಿಗೂ 2025ರ ಸೆಪ್ಟೆಂಬರ್ 1ರಿಂದ ಎಚ್‌ಯುಐಡಿ ಬಂದಿದೆ, ಕಡ್ಡಾಯವಾಗಿಲ್ಲ. ಆ ಅಂಕಿಯನ್ನು ಆ್ಯಪ್‌ನಲ್ಲಿ ಒತ್ತಿದರೆ ಮಾರಾಟಗಾರ, ಪರೀಕ್ಷಾ ಕೇಂದ್ರ, ಶುದ್ಧತೆ ಎಲ್ಲ ಕಾಣುತ್ತದೆ. ಅಲ್ಲಿ ಇನ್ನೊಂದು ಸಾಲು ಸೇರಿಸಿ ಮಾಡಿದವರ ಹೆಸರು, ಊರು ಬರೆಯಲು ತಾಂತ್ರಿಕ ಅಡ್ಡಿ ಕಾಣುವುದಿಲ್ಲ. ಗುರುತಿನ ಪುರಾವೆಯೂ ಸಿದ್ಧವಾಗಿದೆ: 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರದೂ ಒಂದು, ನೋಂದಾಯಿಸಿದವರಿಗೆ ಪ್ರಮಾಣಪತ್ರ, ಗುರುತಿನ ಚೀಟಿ, ಉಪಕರಣಕ್ಕೆ 15,000 ರೂಪಾಯಿ, ಅಡಮಾನವಿಲ್ಲದ ಸಾಲ ಕೊಡುತ್ತಾರೆ. ಒಂದು ಯೋಜನೆ ಕುಶಲಿಯನ್ನು ಎಣಿಸುತ್ತಿದೆ, ಇನ್ನೊಂದು ಒಡವೆಯನ್ನು ಎಣಿಸುತ್ತಿದೆ, ಎರಡು ಪಟ್ಟಿಗಳೂ ಒಂದನ್ನೊಂದು ನೋಡುತ್ತಿಲ್ಲ.

ಹಾಲ್‌ಮಾರ್ಕ್ ಕೇಂದ್ರಕ್ಕೆ ಹೋಗದ ಸಣ್ಣ ಕೆಲಸಗಳೇ ನಮ್ಮ ತಾಲ್ಲೂಕುಗಳಲ್ಲಿ ಹೆಚ್ಚು. ಅವಕ್ಕೆ ಆ್ಯಪ್ ಬರುವವರೆಗೆ ಕಾಯಬೇಕಿಲ್ಲ. ಉಂಗುರದ ಒಳಮೈಯಲ್ಲಿ, ಡಾಬಿನ ಕೊಂಡಿಯ ಹಿಂದೆ, ಕಾಲ್ಕಡಗದ ತಿರುಪಿನ ಪಕ್ಕ ಎರಡು ಕನ್ನಡ ಅಕ್ಷರ ಒತ್ತುವಷ್ಟು ಜಾಗ ಯಾವಾಗಲೂ ಇರುತ್ತದೆ. ಅಚ್ಚಿನ ಉಳಿಯೊಂದನ್ನು ಉಕ್ಕಿನಲ್ಲಿ ಕೊರೆದುಕೊಳ್ಳುವುದು ನುರಿತ ಅಕ್ಕಸಾಲಿಗನಿಗೆ ದೊಡ್ಡ ಕೆಲಸವಲ್ಲ. ಚೀಟಿಯಲ್ಲಿ ಲೋಹ, ಹರಳು, ಕೆಲಸ ಎಂದು ಮೂರು ಸಾಲು ಕೇಳಿ ಬರೆಸಿಕೊಳ್ಳುವುದು ಮಾಡಿಸುವವರ ಪಾಲು. ಮನೆಯ ಹಳೆಯ ಬೆಳ್ಳಿಯನ್ನು ಕರಗಿಸಲು ಕೊಡುವ ಮುನ್ನ ಅದರ ಎರಡೂ ಬದಿಯ ಫೋಟೊ ತೆಗೆದು, ಯಾವ ಊರಿನಲ್ಲಿ ಯಾರು ಮಾಡಿದ್ದೆಂದು ಹಿರಿಯರಿಗೆ ನೆನಪಿದ್ದಷ್ಟನ್ನು ಅದರ ಜೊತೆ ಬರೆದಿಡಬಹುದು. ನಾಗಮಂಗಲದಲ್ಲಿ ಲೋಹದ ವಿಗ್ರಹಗಳನ್ನು ಎರೆಯುವ ಪರಂಪರೆ ಇದೆ, ಮೇಲುಕೋಟೆಯಲ್ಲಿ ಒಡವೆಯ ಪಟ್ಟಿಯನ್ನು ತಾಳೆ ನೋಡುವ ಪದ್ಧತಿ ಇದೆ. ಮುಂದೆ ದೇವಾಲಯಕ್ಕೆ ಭಕ್ತರು ಮಾಡಿಸಿ ಒಪ್ಪಿಸುವ ಪ್ರತಿ ಹೊಸ ಬೆಳ್ಳಿ ಕವಚಕ್ಕೂ ದಾನಿಯ ಹೆಸರಿನ ಪಕ್ಕ ಮಾಡಿದವರ ಹೆಸರಿಗೂ ಒಂದು ಕಲಂ ಇಡಬೇಕೆಂದು ಮುಜರಾಯಿ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಮುಂದಿನ ಪಾರ್ಕಾವಣೆಗಳಲ್ಲಿ ಆ ಹೆಸರನ್ನೂ ಓದಲೇಬೇಕಾಗುತ್ತದೆ.